ಮಂಜೂರಾದ ನಕ್ಷೆ ಹಿಡಿದು ನಾಲ್ಕು ಊರು

ರಾಮನಗರದ ಐಜೂರು ವೃತ್ತದ ಸುತ್ತಮುತ್ತ ಸೈಬರ್ ಸೆಂಟರುಗಳ ಫ್ಲೆಕ್ಸ್ ಬೋರ್ಡು ಓದುತ್ತಾ ಹೋದರೆ ಮನೆ ಕಟ್ಟುವವನ ಜಾತಕವೇ ಸಿಗುತ್ತದೆ: ಇ-ಖಾತಾ, ಇಸಿ, ಪಹಣಿ, ಕನ್ವರ್ಷನ್, ಪ್ಲಾನ್ ಅಪ್ರೂವಲ್. ಹಿಂದೆ ಈ ಕೆಲಸಕ್ಕೆ ಅಮೋನಿಯಾ ವಾಸನೆಯ ಬ್ಲೂಪ್ರಿಂಟ್ ಅಂಗಡಿ ಬೇಕಿತ್ತು. ಅಲ್ಲಿಂದ ನಕ್ಷೆಯ ಪ್ರತಿಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಕಚೇರಿಗೆ ಹೋಗಬೇಕಿತ್ತು. ಈಗ ಸುರುಳಿ ಇಲ್ಲ, ಪೆನ್‌ಡ್ರೈವ್ ಇದೆ. ಕಂಕುಳಿಗೆ ಬಿಡುವು ಸಿಕ್ಕಿದೆ.

ನಗರಸಭೆ, ಪುರಸಭೆಗಳ ವ್ಯಾಪ್ತಿಯಲ್ಲಿ ಮನೆ ಕಟ್ಟುವ ಪರವಾನಗಿಗೆ ಅರ್ಜಿ ಹೋಗುವುದು ಆನ್‌ಲೈನ್ ತಂತ್ರಾಂಶದ ಮೂಲಕ. ಹಾಗೆಂದು ಮನೆ ಯಜಮಾನ ತಾನೇ ಕೂತು ಹಾಕುವಂತಿಲ್ಲ. ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ತಮ್ಮ ಲಾಗಿನ್‌ನಿಂದ ಹಾಕಬೇಕು. ಮಹಡಿ ಮೇಲಿನ ಒಂದು ಪುಟ್ಟ ಕಚೇರಿಯಲ್ಲಿ ಯುವ ಎಂಜಿನಿಯರ್ ಒಬ್ಬರು ಮೂವತ್ತು-ನಲವತ್ತು ಅಡಿಯ ಒಂದು ಸೈಟಿನ ನಕ್ಷೆಯನ್ನು ಪರದೆ ಮೇಲೆ ಬಿಡಿಸಿ ತೋರಿಸಿದರು. ಸೈಟಿನ ಗಡಿಗೊಂದು ಪದರ, ರಸ್ತೆಗೊಂದು, ಗೋಡೆಗೊಂದು, ಕಿಟಕಿ-ಬಾಗಿಲಿಗೊಂದು. ಗೆರೆ ತಪ್ಪು ಪದರದಲ್ಲಿ ಬಿದ್ದರೆ ತಂತ್ರಾಂಶಕ್ಕೆ ಆ ಗೋಡೆ ಕಾಣುವುದೇ ಇಲ್ಲ. ಎಲ್ಲ ಸರಿ ಇದ್ದರೆ ಮನೆಯ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಎಷ್ಟು ಬಿಟ್ಟಿದ್ದೀರಿ, ಎತ್ತರ ಎಷ್ಟು, ಎದುರಿನ ರಸ್ತೆ ಎಷ್ಟು ಅಗಲ ಎಂದು ಅದೇ ಲೆಕ್ಕ ಹಾಕಿ ಪಾಸು ಫೇಲು ಹೇಳುತ್ತದೆ. ಕಟ್ಟಡದ ವೆಚ್ಚ ನಿಗದಿತ ಮಿತಿ ದಾಟಿದರೆ ಕಾರ್ಮಿಕ ಸೆಸ್ ಸೇರುತ್ತದೆ. ಕೊನೆಗೆ ಪೌರಾಯುಕ್ತರ ಡಿಜಿಟಲ್ ಸಹಿ.

ಇಷ್ಟು ಕೇಳಿದರೆ ಸುಲಭ. ಆದರೆ ನಕ್ಷೆಗಿಂತ ಮೊದಲು ಖಾತೆ ಬೇಕಲ್ಲ! ಪಟ್ಟಣದಲ್ಲಿ ಇ-ಆಸ್ತಿಯ ಖಾತೆ, ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನದು. ಅಲ್ಲಿ ಹೆಸರು, ಅಳತೆ, ಚೆಕ್ಕುಬಂದಿ ಮೂರರಲ್ಲಿ ಒಂದು ಕ್ರಯಪತ್ರಕ್ಕೆ ಹೊಂದದಿದ್ದರೂ ನಕ್ಷೆ ಎಷ್ಟು ಚೆಂದವಿದ್ದು ಏನು ಪ್ರಯೋಜನ? ತಾತನ ಹೆಸರಲ್ಲೇ ಉಳಿದ ಖಾತೆ, ಬಾಯಿ ಮಾತಲ್ಲೇ ಆದ ಪಾಲು ಇವೆಲ್ಲ ಈಗ ಪರದೆಯ ಮುಂದೆ ಬಂದು ನಿಂತಿವೆ. ಅರ್ಜಿ ತಡವಾಯಿತೆಂದು ಬೈಯುವವರು ನಿಜವಾಗಿ ಬೈಯುತ್ತಿರುವುದು ಐವತ್ತು ವರ್ಷದ ಹಳೆಯ ವ್ಯವಹಾರಕ್ಕೆ.

ಊರು ಬಿಡುವ ಮೊದಲು ಭಕ್ಷಿಕೆರೆಯ ದಿಕ್ಕಿಗೆ ಹೋದೆ. 2022ರ ಆಗಸ್ಟ್ ಕೊನೆಯ ಮಳೆಗೆ ಈ ಕೆರೆ ತುಂಬಿ ಹರಿದು ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ಇಲ್ಲಿ ನಿಂತು ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ತೆರೆದರೆ ಕಾಲ ಕೆಳಗಿನ ಜಾಗದ ಸರ್ವೆ ನಂಬರ್ ಬರುತ್ತದೆ. ಕೆರೆಯೋ, ಹಳ್ಳವೋ, ಖರಾಬೋ ಎಂಬುದೂ ತಿಳಿಯುತ್ತದೆ. ಸೈಟು ಕೊಳ್ಳುವ ಮುಂಚೆ ಯಾರು ಬೇಕಾದರೂ ನೋಡಬಹುದಾದ ಸರ್ಕಾರಿ ಆ್ಯಪ್ ಇದು, ಬಿಟ್ಟಿ. ಆದರೆ ಸೈಟು ತೋರಿಸುವವನು ಬ್ರೋಷರ್ ತೆರೆಯುತ್ತಾನೆ, ದಿಶಾಂಕ್ ತೆರೆಯುವುದಿಲ್ಲ.

ಚನ್ನಪಟ್ಟಣದ ಹಳೇ ಪೇಟೆಯ ಓಣಿಗಳಿಗೆ ಹೊಕ್ಕರೆ ಸೆಟ್‌ಬ್ಯಾಕ್ ಎಂಬ ಮಾತಿಗೇ ನಗು ಬರುತ್ತದೆ. ಈ ಮನೆಯ ಗೋಡೆಯೇ ಆ ಮನೆಯ ಗೋಡೆ. ಅಣ್ಣತಮ್ಮಂದಿರು ಪಾಲಾದ ಮೇಲೆ ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಅಡಿ ಅಗಲ, ಉದ್ದ ಮಾತ್ರ ಧಾರಾಳ. ಅಕ್ಕಪಕ್ಕ ಮೂರು ಮೂರು ಅಡಿ ಬಿಟ್ಟರೆ ಉಳಿಯುವುದು ಮನೆಯಲ್ಲ, ಪಡಸಾಲೆಯ ತುಂಡು. ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಚೌಕಟ್ಟಾದ ಹೊಸ ಬಡಾವಣೆ. ಹಿಂದೆ ಇಂಥ ಕಡೆ ಎಂಜಿನಿಯರ್ ಬಂದು, ನೋಡಿ, ತಲೆ ಕೆರೆದುಕೊಂಡು, ಏನೋ ಒಂದು ದಾರಿ ಹುಡುಕುತ್ತಿದ್ದರು. ಆ ದಾರಿಗೆ ಖರ್ಚೂ ಇರುತ್ತಿತ್ತು ಅನ್ನಿ. ತಂತ್ರಾಂಶಕ್ಕೆ ತಲೆ ಕೆರೆದುಕೊಳ್ಳಲು ಬರುವುದಿಲ್ಲ, ಕೆಂಪು ಗೆರೆ ತೋರಿಸುತ್ತದೆ. ಹಾಗಾಗಿ ಹಳೇ ಊರಿನ ಹಲವರು ಅರ್ಜಿಯ ಗೋಜಿಗೇ ಹೋಗದೆ ‘ರಿಪೇರಿ’ ಎಂದು ಕೆಲಸ ಶುರು ಮಾಡುತ್ತಾರೆ. ಹೊರಗೆ ಹಳೇ ಗೋಡೆ, ಒಳಗಿನಿಂದ ಹೊಸ ಪಿಲ್ಲರ್.

ಇನ್ನೊಂದು ತೊಡಕು ಬೊಂಬೆ ಮಾಡುವವರ ಮನೆಗಳಲ್ಲಿ ಕಂಡಿತು. ಬಾಗಿಲು ದಾಟುತ್ತಿದ್ದಂತೆ ಲೇತ್ ಯಂತ್ರ, ಅದರ ಕೆಳಗೆ ಆಲೆ ಮರದ ಹೊಟ್ಟು ಮೊಣಕಾಲುದ್ದ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಆಡಿಸಿದರೆ ಹೊಳಪು. ಅದೇ ಕೋಣೆಯ ಹಿಂದೆ ಅಡುಗೆಮನೆ, ಮೇಲೆ ಮಲಗುವ ಜಾಗ. “ಕೆಳಗೆ ಕೆಲ್ಸ, ಮೇಲೆ ಸಂಸಾರ. ಇದುನ್ನ ಮನೆ ಅಂತ ಬರೆಸ್ಲಾ, ಫ್ಯಾಕ್ಟ್ರಿ ಅಂತ ಬರೆಸ್ಲಾ, ನೀವೇ ಹೇಳಿ ಸಾರ್” ಎಂದರು ಒಬ್ಬ ಹಿರಿಯರು. ಮನೆ ಎಂದರೆ ಲೇತಿಗೆ ಆಕ್ಷೇಪ ಬರಬಹುದು, ವಾಣಿಜ್ಯ ಎಂದರೆ ಶುಲ್ಕ, ತೆರಿಗೆ ಎರಡೂ ಏರುತ್ತವೆ. ರಾಮನಗರದಲ್ಲಿ ಮನೆಯಲ್ಲೇ ರೇಷ್ಮೆ ನೂಲು ತೆಗೆಯುವ ರೀಲರುಗಳದ್ದೂ ಇದೇ ಪಾಡು. ಶತಮಾನದ ಕಸುಬಿನ ಊರಿನಲ್ಲಿ ಅದಕ್ಕೆ ಹೊಂದುವ ಒಂದು ಕಾಲಂ ಸೇರಿಸುವುದು ತಾಂತ್ರಿಕವಾಗಿ ಅರ್ಧ ದಿನದ ಕೆಲಸ. ಸೇರಿಸಬೇಕೆಂಬ ತೀರ್ಮಾನ ಮಾತ್ರ ತಂತ್ರಾಂಶದ ಕೈಯಲ್ಲಿಲ್ಲ.

ಕನಕಪುರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಲ್ಲಿ ಎಲ್ಲರ ಬಾಯಲ್ಲೂ ಒಸಿ, ಅಂದರೆ ಸ್ವಾಧೀನಾನುಭವ ಪತ್ರ. ಕಟ್ಟುವ ಪರವಾನಗಿ ಸಿಕ್ಕರೆ ಎಲ್ಲ ಮುಗಿಯಿತೆಂದು ಜನ ತಿಳಿದಿದ್ದರು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ತೀರ್ಪು ಕೊಡುತ್ತಾ, ಕಟ್ಟಡ ಪೂರ್ಣಗೊಂಡ ಅಥವಾ ಸ್ವಾಧೀನಾನುಭವ ಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು ಎಂದಿತು. ಅದರ ಬಿಸಿ ಬೆಸ್ಕಾಂ ಕೌಂಟರಿನಲ್ಲಿ ತಟ್ಟಿತು. ನಕ್ಷೆಯಲ್ಲಿ ಎರಡು ಮಹಡಿ, ನೆಲದ ಮೇಲೆ ಮೂರೂವರೆ. ಅಂಥವನಿಗೆ ಒಸಿ ಎಲ್ಲಿಂದ ಬರಬೇಕು? ಅರ್ಜಿಯನ್ನು ಆನ್‌ಲೈನ್ ಮಾಡಿದ ನಾವು, ಪಾಯದಿಂದ ತಾರಸಿವರೆಗೆ ಕಟ್ಟಡ ಏಳುವಾಗ ಟೇಪು ಹಿಡಿದು ನಿಲ್ಲುವ ಕೆಲಸವನ್ನು ಹಾಗೆಯೇ ಬಿಟ್ಟಿದ್ದೇವೆ. ನಕ್ಷೆ ಮೀರಿ ಕಟ್ಟುವುದಕ್ಕೆ ಮುಂದೆಂದೋ ಸಕ್ರಮವಾದೀತೆಂಬ ಆಸೆಯೂ ಕಾರಣ. ಆದರೆ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ಶುರುವಾಯಿತು. ಬಿ-ಖಾತಾ ಬಂದರೆ ತೆರಿಗೆ ಕಟ್ಟಬಹುದು, ಕಟ್ಟಡ ತನ್ನಿಂದ ತಾನೇ ಸಕ್ರಮವಾಗುವುದಿಲ್ಲ. ಈ ವ್ಯತ್ಯಾಸವನ್ನು ಜನರಿಗೆ ಬಿಡಿಸಿ ಹೇಳುವವರು ಕಡಿಮೆ.

ಮಾಗಡಿ ರಸ್ತೆಯುದ್ದಕ್ಕೂ ಬೋರ್ಡುಗಳೇ ಬೋರ್ಡುಗಳು: ಡಿಸಿ ಕನ್ವರ್ಷನ್ ಆಗಿದೆ, ಇ-ಖಾತಾ ರೆಡಿ, ಬ್ಯಾಂಕ್ ಲೋನ್ ಉಂಟು. ಮಾಗಡಿ ತಾಲ್ಲೂಕಿನ ಅಂಚಿನಲ್ಲೇ ತಿಪ್ಪಗೊಂಡನಹಳ್ಳಿ ಜಲಾಶಯವಿದೆ. ಅದರ ಜಲಾನಯನ ಪ್ರದೇಶದಲ್ಲಿ ಕಟ್ಟಡಗಳಿಗೆ ಮಿತಿ ಹಾಕಿ 2003ರಲ್ಲೇ ಸರ್ಕಾರಿ ಆದೇಶ ಬಂದಿತ್ತು, ಆಮೇಲೆ ಸಡಿಲವೂ ಆಯಿತು. ಬೋರ್ಡಿನಲ್ಲಿ ಇದರ ಸುಳಿವು ಇರುವುದಿಲ್ಲ. ಕನ್ವರ್ಷನ್ ಎಂದರೆ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಮೀನು ಕೃಷಿಯೇತರವಾಯಿತು ಎಂದಷ್ಟೇ. ಬಡಾವಣೆಯ ವಿನ್ಯಾಸಕ್ಕೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇರೆಯೇ ಬೇಕು, ಮನೆಯ ಪರವಾನಗಿ ಮತ್ತೂ ಬೇರೆ. ಮೂರೂ ಕಂಪ್ಯೂಟರಿನಲ್ಲಿವೆ, ಮೂರು ಬೇರೆ ಬೇರೆ ಕಡೆ.

ಹೊರಗಿನ ಉದಾಹರಣೆ ಬೇಕೆಂದರೆ, ಇಂಗ್ಲೆಂಡಿನಲ್ಲಿ ಇಂಥ ಅರ್ಜಿಗಳಿಗೆ 2002ರಲ್ಲೇ ಪ್ಲಾನಿಂಗ್ ಪೋರ್ಟಲ್ ಎಂಬ ಜಾಲತಾಣ ಶುರುವಾಯಿತು. ಅಲ್ಲಿನ ಸ್ಥಳೀಯ ಸಂಸ್ಥೆಗಳಲ್ಲಿ ಪಕ್ಕದವನು ಏನು ಕಟ್ಟಲು ಹೊರಟಿದ್ದಾನೆ ಎಂದು ಯಾರು ಬೇಕಾದರೂ ನಕ್ಷೆ ತೆರೆದು ನೋಡಬಹುದು, ಆಕ್ಷೇಪ ಬರೆಯಬಹುದು. ನಮ್ಮಲ್ಲಿ ಸಾಧಾರಣ ಮನೆಯ ನಕ್ಷೆಗೆ ನೆರೆಯವರನ್ನು ಕೇಳುವ ಪದ್ಧತಿ ಇಲ್ಲ. ಮಾಲೀಕನಿಗೆ ಅರ್ಜಿ ಎಲ್ಲಿದೆ ಎಂದು ಗೊತ್ತಾಗುತ್ತದೆ, ಓಣಿಗೆ ಗೊತ್ತಾಗುವುದಿಲ್ಲ. ಮಂಜೂರಾದ ನಕ್ಷೆಯನ್ನು, ಮಹಡಿ ಎಷ್ಟು, ಬಿಟ್ಟ ಜಾಗ ಎಷ್ಟು ಎಂಬ ನಾಲ್ಕು ಸಾಲಿನೊಂದಿಗೆ, ಇಡೀ ಬೀದಿ ತನ್ನ ಮೊಬೈಲಿನಲ್ಲಿ ನೋಡುವಂತೆ ಬಿಟ್ಟರೆ ಟೇಪು ಹಿಡಿಯಲು ಹೊಸ ನೌಕರರೇ ಬೇಕಿಲ್ಲ. ಜಗಳ ಹೆಚ್ಚಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಬರಲಿ. ಮಾಗಡಿಯ ಕೋಟೆಯ ಹತ್ತಿರ ಚಹಾ ಕುಡಿಯುತ್ತಾ ಈ ಮಾತು ತೆಗೆದಾಗ ಪಕ್ಕದಲ್ಲಿದ್ದ ಗಾರೆ ಮೇಸ್ತ್ರಿ ಗ್ಲಾಸು ಕೆಳಗಿಟ್ಟು ಕೇಳಿದರು: “ಹಂಗಾದ್ರೆ ಅಣ್ಣ, ಓನರ್ ನನ್ ಕೈಲಿ ಕೊಡೋ ಪ್ಲಾನೇ ಬೇರೆ ಇರ್ತದಲ್ಲ, ಅದುನ್ನ ಎಲ್ಲಿ ಹಾಕೋದು?”