ಹೊಸಮನೆಗೆ ಬಂದ ನಾಯಿಯೂ ನಡುರಾತ್ರಿಯ ಒದ್ದೆ ನೆಲವೂ

ಭೌತಶಾಸ್ತ್ರದ ಅಧ್ಯಾಪಕನೊಬ್ಬನು ನಾಯಿಯ ಮೂತ್ರವಿಸರ್ಜನೆಯನ್ನು ಕುರಿತು ಲೇಖನ ಬರೆಯಲು ಕುಳಿತಿರುವನೆಂದರೆ ವಾಚಕರು ನಗಬಹುದು. ಕಳೆದ ವರ್ಷದ ಆಷಾಢದವರೆಗೆ ನಾನೂ ನಗುತ್ತಿದ್ದವನೇ. ಆ ಮಾಸದಲ್ಲಿ ನಮ್ಮ ಮನೆಗೆ ಸುಮಾರು 7 ತಿಂಗಳ ಪ್ರಾಯದ ಹೆಣ್ಣುನಾಯಿಯೊಂದು ಬಂದಿತು. ಅನಾಥ ಪ್ರಾಣಿಗಳನ್ನು ಸಾಕುವ ಕೇಂದ್ರವೊಂದರಲ್ಲಿ ಬೆಳೆದು, ಒಮ್ಮೆ ಬೇರೊಂದು ಮನೆಗೆ ಹೋಗಿ, ಮೂರೇ ವಾರಗಳಲ್ಲಿ ಹಿಂದಿರುಗಿದ್ದ ನಾಯಿ ಅದು. ಹಿಂದಿರುಗಿದುದರ ಕಾರಣವನ್ನು ಕೇಂದ್ರದವರು ನಮ್ಮಿಂದ ಮುಚ್ಚಿಡಲಿಲ್ಲ: ರಾತ್ರಿಯ ವೇಳೆ ಮನೆಯೊಳಗೆ ಗಲೀಜು ಮಾಡುತ್ತಿತ್ತಂತೆ. ಎದೆಯ ಮೇಲೆ ಬಿಳಿಯ ಮಚ್ಚೆಯಿದ್ದುದರಿಂದ ಮಕ್ಕಳು ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟರು.

ಮೊದಲನೆಯ ರಾತ್ರಿ ನೀರು ಕುಡಿಯಲೆಂದು ಎದ್ದ ನಮ್ಮ ತಾಯಿಯವರು ದೇವರ ಮನೆಯ ಹೊಸ್ತಿಲ ಬಳಿ ಒದ್ದೆ ನೆಲದ ಮೇಲೆ ಕಾಲಿಟ್ಟರು. ಒಂಬತ್ತು ರಾತ್ರಿಗಳಲ್ಲಿ ಎಂಟು ರಾತ್ರಿ ಇದೇ ಕಥೆ. ಹತ್ತನೆಯ ದಿನ ಬೆಳಿಗ್ಗೆ ತಾಯಿಯವರು ಕೋಪವಿಲ್ಲದ, ಆದರೆ ಗಟ್ಟಿಯಾದ ಧ್ವನಿಯಲ್ಲಿ, "ಗೌರಿ ಹಬ್ಬದೊಳಗೆ ಇದು ನಿಲ್ಲಬೇಕಪ್ಪ. ಇಲ್ಲದಿದ್ದರೆ ಬಂದಲ್ಲಿಗೇ ಬಿಟ್ಟು ಬಾ" ಎಂದರು. ಹಬ್ಬಕ್ಕೆ ಉಳಿದಿದ್ದುದು ಆರು ವಾರ. ಒಮ್ಮೆ ಹಿಂದಿರುಗಿದ ನಾಯಿಯನ್ನು ಕೇಳಿ ಬರುವವರು ಕಡಿಮೆ. ಎರಡು ಬಾರಿ ಹಿಂದಿರುಗಿದುದನ್ನು ಕೇಳಿ ಬರುವವರು ಯಾರು? ಆ ದಿನವೇ ನಾನು ಒಂದು ನೋಟುಪುಸ್ತಕವನ್ನು ತೆರೆದು, ಊಟ, ನೀರು, ವಿಸರ್ಜನೆ ಇವುಗಳ ವೇಳೆ ಮತ್ತು ಸ್ಥಳಗಳನ್ನು ಬರೆದಿಡಲಾರಂಭಿಸಿದೆ. ಪ್ರಯೋಗಶಾಲೆಯವನಿಗೆ ಬೇರೆ ಉಪಾಯ ತಿಳಿಯದಲ್ಲವೆ!

ಮೊದಲು ಪಾತ್ರೆಯ ವಿಚಾರವನ್ನು ನೋಡೋಣ. ಆರೋಗ್ಯವಾಗಿರುವ ನಾಯಿಯು ದಿನವೊಂದಕ್ಕೆ ತನ್ನ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 20ರಿಂದ 40 ಮಿಲಿಲೀಟರಿನಷ್ಟು ಮೂತ್ರವನ್ನು ಉತ್ಪಾದಿಸುತ್ತದೆ. ಚುಕ್ಕಿಯ ತೂಕ 10 ಕಿಲೋಗ್ರಾಮು. ಆದುದರಿಂದ ಗಂಟೆಗೆ ಸರಾಸರಿ 8ರಿಂದ 17 ಮಿಲಿಲೀಟರು ಮೂತ್ರವು ಮೂತ್ರಕೋಶಕ್ಕೆ ಇಳಿಯುತ್ತಿರಬೇಕು. ಮೂತ್ರಕೋಶವು ರಬ್ಬರಿನ ಬುಗ್ಗೆಯಂತಲ್ಲ. ಬುಗ್ಗೆಯನ್ನು ಊದಲು ತೊಡಗಿದಾಗ ಒತ್ತಡವು ಒಮ್ಮೆಲೇ ಏರುತ್ತದೆ, ಮೂತ್ರಕೋಶವಾದರೋ ತುಂಬುತ್ತಿದ್ದಂತೆ ತನ್ನ ಸ್ನಾಯುಗಳನ್ನು ಸಡಿಲಿಸಿ ಒಳಗಿನ ಒತ್ತಡವನ್ನು ಬಹುಕಾಲ ತಗ್ಗಿನಲ್ಲೇ ಇಟ್ಟುಕೊಳ್ಳುತ್ತದೆ. ಆದರೂ ಗೋಳಾಕಾರದ ಪಾತ್ರೆಯ ಗೋಡೆಯ ಬಿಗಿತವು ಒತ್ತಡ ಮತ್ತು ತ್ರಿಜ್ಯಗಳ ಗುಣಲಬ್ಧವನ್ನು ಅನುಸರಿಸುತ್ತದೆಂಬ ಲಾಪ್ಲಾಸನ ನಿಯಮದಿಂದ ಅದೂ ತಪ್ಪಿಸಿಕೊಳ್ಳಲಾರದು. ಒತ್ತಡವು ಹೆಚ್ಚದಿದ್ದರೂ ತ್ರಿಜ್ಯ ಹೆಚ್ಚಿದಂತೆ ಗೋಡೆ ಬಿಗಿಯುತ್ತದೆ. ಗೋಡೆಯಲ್ಲಿರುವ ನರತುದಿಗಳು ಆ ಬಿಗಿತದ ಸುದ್ದಿಯನ್ನು ಬೆನ್ನುಹುರಿಗೂ ಮಿದುಳಿಗೂ ಕಳುಹಿಸುತ್ತವೆ. ಎಳೆಯ ಮರಿಯಲ್ಲಿ ಬೆನ್ನುಹುರಿಯೇ ತೀರ್ಪು ಕೊಟ್ಟುಬಿಡುತ್ತದೆ. ಬೆಳೆದ ನಾಯಿಯಲ್ಲಿ ಮಿದುಳು "ಈಗ ಬೇಡ" ಎಂದು ತಡೆಯಬಲ್ಲುದು.

ಈ ತಡೆ ಹುಟ್ಟಿನಿಂದ ಬಂದುದಲ್ಲ. ಹೊಸದಾಗಿ ಹುಟ್ಟಿದ ಮರಿಯು ತಾನಾಗಿ ಮೂತ್ರ ಮಾಡಲೂ ಅರಿಯದು. ತಾಯಿಯು ನೆಕ್ಕಿ ಪ್ರಚೋದಿಸಬೇಕು. ಸುಮಾರು ಮೂರನೆಯ ವಾರದಲ್ಲಿ ಮರಿ ಮಲಗುವ ಜಾಗವನ್ನು ಬಿಟ್ಟು ಆಚೆ ಹೋಗಲು ತೊಡಗುತ್ತದೆ. ಎಂಟು ಒಂಬತ್ತು ವಾರಗಳ ಹೊತ್ತಿಗೆ ಇಂಥದೇ ಸ್ಥಳ ಎಂಬ ಆಯ್ಕೆ ಮೂಡುತ್ತದೆ. ಅಮೆರಿಕದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಬಹುಕಾಲ ನಾಯಿಮರಿಗಳ ಬೆಳವಣಿಗೆಯನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥವು ಇಂಥ ವಿಷಯಗಳಿಗೆ ಇಂದಿಗೂ ಆಧಾರವಾಗಿದೆ. ಮರಿಯ ಪ್ರಾಯದ ತಿಂಗಳುಗಳಿಗೆ ಒಂದನ್ನು ಕೂಡಿಸಿದರೆ ಅದು ತಡೆದುಕೊಳ್ಳಬಲ್ಲ ಗಂಟೆಗಳು ದೊರೆಯುತ್ತವೆಂಬ ಒಂದು ಒರಟು ಲೆಕ್ಕ ನಾಯಿ ಸಾಕುವವರಲ್ಲಿ ಬಳಕೆಯಲ್ಲಿದೆ. ಎರಡು ತಿಂಗಳ ಮರಿಯನ್ನು ರಾತ್ರಿಯಿಡೀ ತಡೆದಿರು ಎನ್ನುವುದು ಅನ್ಯಾಯವೆಂಬುದು ಇದರಿಂದ ತಿಳಿಯುತ್ತದೆ. ಆದರೆ 7 ತಿಂಗಳ ಚುಕ್ಕಿಗೆ 8 ಗಂಟೆ ಕಷ್ಟವಾಗಬಾರದು. ಅಂದಮೇಲೆ ದೋಷವು ಪಾತ್ರೆಯದಲ್ಲ.

ಹೀಗೆಂದು ನಾನೇ ತೀರ್ಮಾನಿಸುವಂತಿರಲಿಲ್ಲ. ಮೂತ್ರಮಾರ್ಗದ ಸೋಂಕು ಹೆಣ್ಣುನಾಯಿಗಳಲ್ಲಿ ಹೆಚ್ಚು. ಸೋಂಕಿರುವ ನಾಯಿಗೆ ಎಷ್ಟು ಪಾಠ ಹೇಳಿದರೂ ವ್ಯರ್ಥ. ಬೆಳಗಿನ ಮೂತ್ರವನ್ನು ತೊಳೆದ ಸೀಸೆಯೊಂದರಲ್ಲಿ ಹಿಡಿದು ಪಶುವೈದ್ಯರಲ್ಲಿಗೆ ಒಯ್ದೆ. ಅವರು ಅದರ ಒಂದು ಹನಿಯನ್ನು ವಕ್ರೀಭವನಮಾಪಕದ ಗಾಜಿನ ಮೇಲೆ ಹಾಕಿ ನೋಡಿದಾಗ ನನಗೆ ಹಳೆಯ ಸ್ನೇಹಿತನನ್ನು ಕಂಡಂತಾಯಿತು. ಕರಗಿರುವ ಪದಾರ್ಥಗಳು ಹೆಚ್ಚಿದಷ್ಟೂ ಬೆಳಕು ಹೆಚ್ಚು ಬಾಗುವುದಷ್ಟೆ. ಅದರಿಂದ ಮೂತ್ರದ ಸಾಂದ್ರತೆ ತಿಳಿಯುತ್ತದೆ. ಚುಕ್ಕಿಯದು 1.035 ಇದ್ದಿತು. ಮೂತ್ರಪಿಂಡಗಳು ನೀರನ್ನು ಚೆನ್ನಾಗಿ ಉಳಿಸಿಕೊಳ್ಳುತ್ತಿವೆ, ಸೋಂಕಿನ ಗುರುತೂ ಇಲ್ಲ ಎಂದರು ವೈದ್ಯರು. ಜೊತೆಗೆ ಮತ್ತೊಂದು ಎಚ್ಚರಿಕೆಯನ್ನಿತ್ತರು: ಇಲಿಜ್ವರವೆಂದು ನಾವು ಕರೆಯುವ ಲೆಪ್ಟೊಸ್ಪೈರೋಸಿಸ್ ರೋಗದ ಜೀವಾಣುಗಳು ನಾಯಿಯ ಮೂತ್ರದಲ್ಲಿಯೂ ಇರಬಹುದಾದುದರಿಂದ, ಮಳೆಗಾಲದಲ್ಲಂತೂ, ಕೈಗೆ ರಬ್ಬರಿನ ಗವಸು ತೊಟ್ಟು ಒರಸಬೇಕು, ಅನಂತರ ಸಾಬೂನಿನಿಂದ ಕೈ ತೊಳೆಯಬೇಕು, ನಾಯಿಗೆ ಅದರ ಲಸಿಕೆಯನ್ನೂ ಹಾಕಿಸಬೇಕು.

ಒಂದು ವಾರದ ನೋಟುಪುಸ್ತಕವು ಎರಡು ಸಂಗತಿಗಳನ್ನು ತೋರಿಸಿತು. ಒಂದನೆಯದು ವೇಳೆ. ತಪ್ಪುಗಳೆಲ್ಲವೂ ರಾತ್ರಿ 2 ಗಂಟೆಯಿಂದ 3½ ಗಂಟೆಯೊಳಗೆ ನಡೆದಿದ್ದುವು. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಲಿಲ್ಲ. ನಮ್ಮ ಊಟವಾದ ಮೇಲೆ 9 ಗಂಟೆಗೆ ಉಳಿದ ಅನ್ನಸಾರನ್ನು ಅದಕ್ಕೆ ಹಾಕುತ್ತಿದ್ದೆವು. ಸಾರಿನಲ್ಲಿ ನೀರೂ ಇದೆ, ಉಪ್ಪೂ ಇದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕೆಂಬುದು ಗಾದೆಯಷ್ಟೇ ಅಲ್ಲ, ಶರೀರಶಾಸ್ತ್ರವೂ ಹೌದು. ಸಾರಿಗೆ ಹಾಕುವ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಕೆಡಿಸುತ್ತದೆಂಬುದು ನನಗೆ ತಿಳಿದುದೂ ಆಗಲೇ. ಊಟವನ್ನು ಸಂಜೆ 6½ ಗಂಟೆಗೆ ಬದಲಾಯಿಸಿ, ಸಪ್ಪೆಯಾಗಿ, ಗಟ್ಟಿಯಾಗಿ ಕೊಡತೊಡಗಿದೆವು. ಮಲಗುವುದಕ್ಕೆ ಒಂದು ಗಂಟೆ ಮುಂಚೆ ನೀರಿನ ಬಟ್ಟಲನ್ನು ಎತ್ತಿಡುತ್ತಿದ್ದೆವು. ಅದಕ್ಕಿಂತ ಹೆಚ್ಚು ಹೊತ್ತು ನೀರನ್ನು ತಪ್ಪಿಸುವುದು ಹಿಂಸೆ. ಬೇಸಗೆಯಲ್ಲಿ ಇದನ್ನೂ ಮಾಡಬಾರದು.

ಎರಡನೆಯದು ಸ್ಥಳ. ಇದನ್ನು ಮೊದಲು ಕಂಡವರು ನಾನಲ್ಲ, ತಾಯಿಯವರು. "ನೋಡು, ಇದು ಚಾಪೆಯ ಮೇಲಾಗಲಿ ಹಿತ್ತಿಲ ಮಣ್ಣಿನ ಮೇಲಾಗಲಿ ಹೋಗಿದ್ದೇ ಇಲ್ಲ. ಎಲ್ಲಾ ಗಾರೆ ನೆಲದ ಮೇಲೆಯೇ" ಎಂದರು. ಪುಸ್ತಕವನ್ನು ತಿರುವಿದೆ, ನಿಜ. ಸಂಜೆ ಹುಲ್ಲಿನ ಮೇಲೆ ಮುಕ್ಕಾಲು ಗಂಟೆ ತಿರುಗಾಡಿಸಿದರೂ ಬಿಗಿಹಿಡಿದುಕೊಂಡೇ ಬರುತ್ತಿದ್ದ ನಾಯಿ, ಒಳಗೆ ಬಂದು ನಯವಾದ ಕೆಂಪು ಸಿಮೆಂಟಿನ ಮೇಲೆ ಕುಕ್ಕರಿಸುತ್ತಿತ್ತು. ಕೇಂದ್ರದಲ್ಲಿ ಅದು ಬೆಳೆದದ್ದು ಸಿಮೆಂಟಿನ ಕೊಠಡಿಯಲ್ಲಿ. ಆಯ್ಕೆ ಮೂಡುವ ವಾರಗಳನ್ನೂ ಅನಂತರದ ತಿಂಗಳುಗಳನ್ನೂ ಅದೇ ನೆಲದ ಮೇಲೆ ಕಳೆದುದಕ್ಕೆ ಪಾದಗಳಿಗೆ ತಂಪಾಗಿ ನಯವಾಗಿ ತಗಲುವ ನೆಲವೇ ಶೌಚಸ್ಥಾನ. ಅದು ನಮ್ಮ ಮನೆಯ ನಿಯಮವನ್ನು ಮುರಿಯುತ್ತಿರಲಿಲ್ಲ. ತಾನು ಕಲಿತ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿತ್ತು!

ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನಿಂದ ದೂರವಾಗಿ ಒಂದು ಸಿಮೆಂಟಿನ ಚಪ್ಪಡಿಯನ್ನು ಹಾಕಿಸಿ, ಒಳಗೆ ಒರಸಿದ ವೃತ್ತಪತ್ರಿಕೆಯ ಒಂದು ತುಂಡನ್ನು ಅದರ ಮೇಲೆ ಇಟ್ಟೆ. ನಾಯಿಯ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಇಪ್ಪತ್ತು ಕೋಟಿಗೂ ಮಿಗಿಲೆಂದು ಅಂದಾಜು. ನಮ್ಮಲ್ಲಿ ಅವು ಐವತ್ತು ಅರುವತ್ತು ಲಕ್ಷ ಮಾತ್ರ. ಎರಡನೆಯ ದಿನವೇ ಚುಕ್ಕಿ ಆ ಚಪ್ಪಡಿಯನ್ನು ಮೂಸಿ, ಒಂದು ಸುತ್ತು ತಿರುಗಿ, ಕುಕ್ಕರಿಸಿತು. ಮುಂದೆ ಅದರ ಮೇಲೆ ದಿನಕ್ಕೊಂದು ಹಿಡಿ ಮಣ್ಣು ಹರಡುತ್ತ ಹೋದೆವು. ಮೂರು ವಾರಗಳಲ್ಲಿ ಚಪ್ಪಡಿ ಮುಚ್ಚಿತು, ನಾಯಿ ಮಣ್ಣಿಗೆ ಒಗ್ಗಿತು.

ಹೊರಗಿನ ವಾಸನೆ ಕರೆಯಬೇಕಾದರೆ ಒಳಗಿನ ವಾಸನೆ ಅಳಿಯಬೇಕು. ನಾವು ಒರಸುತ್ತಿದ್ದ ಫಿನೈಲು ನಮ್ಮ ಮೂಗನ್ನು ಮೋಸಗೊಳಿಸುತ್ತಿತ್ತೇ ಹೊರತು ನಾಯಿಯದನ್ನಲ್ಲ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಗಳು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡುಗಳಾಗಿ ಒಡೆಯುತ್ತವೆ. ಆದುದರಿಂದ ಅಮೋನಿಯಾ ಬೆರೆತ ದ್ರಾವಣದಿಂದ ಒರಸಿದರೆ ಹಳೆಯ ಕರೆಯನ್ನೇ ಮತ್ತೆ ಬರೆದಂತೆ. ಬ್ಲೀಚಿಂಗ್ ಪುಡಿ ಇನ್ನೂ ಅಪಾಯಕರ. ಅದು ಅಮೋನಿಯಾದೊಡನೆ ಸೇರಿದರೆ ಉಸಿರಿಗೆ ಹಾನಿಕರವಾದ ಕ್ಲೋರಮೀನ್ ಅನಿಲಗಳು ಹೊರಡುತ್ತವೆ. ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಗಳಲ್ಲಿ ದೊರೆಯುವ, ಕಿಣ್ವಗಳುಳ್ಳ ದ್ರಾವಣವೇ ಇದಕ್ಕೆ ತಕ್ಕುದು. ಅದನ್ನು ಸುರಿದು ತಕ್ಷಣ ಒರಸದೆ ಕೆಲವು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಕುದಿಯುವ ನೀರನ್ನು ಬೆರೆಸಿದರೆ ಕಿಣ್ವವು ಪ್ರೋಟೀನಾದುದರಿಂದ ಕೆಟ್ಟುಹೋಗುತ್ತದೆ.

ಎಲ್ಲಿ ಸುರಿಯಬೇಕೆಂಬುದನ್ನು ಕಂಡುಹಿಡಿಯುವಾಗ ಮಾತ್ರ ನನ್ನ ಶಾಸ್ತ್ರಕ್ಕೆ ನಿಜವಾದ ಕೆಲಸ ಸಿಕ್ಕಿತು. ಕೆಲವು ಪದಾರ್ಥಗಳು ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳನ್ನು ಹೀರಿ, ಅವುಗಳಿಗಿಂತ ಉದ್ದನೆಯ ಅಲೆಗಳ, ಅಂದರೆ ಕಾಣುವ ಬೆಳಕನ್ನು ಹೊರಚೆಲ್ಲುತ್ತವೆ. 1852ರಲ್ಲಿ ಸ್ಟೋಕ್ಸನು ವಿವರಿಸಿದ ಈ ಪ್ರತಿದೀಪ್ತಿಯು ಒಣಗಿದ ಮೂತ್ರದಲ್ಲಿಯೂ ಉಂಟು. ನೋಟುಗಳನ್ನು ಪರೀಕ್ಷಿಸಲು ಬಳಸುವಂಥ ಸಣ್ಣ ಅತಿನೇರಿಳೆ ಟಾರ್ಚನ್ನು ಹಿಡಿದು ದೀಪಗಳನ್ನೆಲ್ಲ ಆರಿಸಿದೆ. ನಾಲ್ಕು ಕಡೆ ಇರಬಹುದೆಂದುಕೊಂಡಿದ್ದೆ. ಮಾಸಲು ಹಳದಿಯಾಗಿ ಹೊಳೆದ ಕಲೆಗಳು ಹನ್ನೊಂದು! ಬೆಂಚಿನ ಕಾಲಿಗೆ, ಅಕ್ಕಿಯ ಡಬ್ಬದ ಹಿಂದೆ, ಹೊಸ್ತಿಲ ಬಿರುಕಿನೊಳಗೆ. ಸಿಮೆಂಟಿನ ಸೂಕ್ಷ್ಮ ರಂಧ್ರಗಳು ದ್ರವವನ್ನು ಎಳೆದುಕೊಂಡಿದ್ದುವು; ಮಳೆಗಾಲದ ತೇವಕ್ಕೆ ವಾಸನೆ ಮರಳಿ ಏಳುತ್ತಿತ್ತು. (ಸಾಬೂನಿನ ಪುಡಿಯೂ ಇದೇ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ, ಹೊಳೆದುದೆಲ್ಲ ಮೂತ್ರವಲ್ಲ.)

ಇನ್ನು ಶಿಕ್ಷೆಯ ಮಾತು. ನಾಯಿಯ ಮೂತಿಯನ್ನು ಒದ್ದೆಗೆ ತಿಕ್ಕಿ ಏಟು ಕೊಡಬೇಕೆಂದು ನಮಗೆ ಸಲಹೆಯಿತ್ತವರು ಐದಾರು ಮಂದಿ. "ತಪ್ಪು ಮಾಡಿದೆನೆಂದು ಅದಕ್ಕೇ ಗೊತ್ತು, ಮುಖ ನೋಡಿ" ಎಂದು ಅವರ ವಾದ. 2009ರಲ್ಲಿ ಅಲೆಕ್ಸಾಂಡ್ರ ಹೊರೊವಿಟ್ಸ್ ಎಂಬ ವಿಜ್ಞಾನಿ ಈ ಮುಖವನ್ನೇ ಪರೀಕ್ಷೆಗೊಡ್ಡಿದರು. ತಿನ್ನಬೇಡವೆಂದು ಹೇಳಿ ತಿಂಡಿಯಿಟ್ಟು ಯಜಮಾನರು ಹೊರಗೆ ಹೋಗುವರು. ಮರಳಿದಾಗ ನಾಯಿ ತಿಂದಿತೆಂದೋ ಇಲ್ಲವೆಂದೋ ಅವರಿಗೆ ಹೇಳಲಾಗುವುದು, ಕೆಲವೊಮ್ಮೆ ಸುಳ್ಳಾಗಿ. ಅಪರಾಧಿಯ ಮುಖವು ತಿಂದುದನ್ನು ಅನುಸರಿಸಲಿಲ್ಲ, ಗದರಿಕೆಯನ್ನು ಅನುಸರಿಸಿತು. ತಿನ್ನದ ನಾಯಿಗಳೂ ಗದರಿದಾಗ ಅದೇ ಮುಖ ಮಾಡಿದುವು. ತಡವಾಗಿ ಬಿದ್ದ ಏಟಿನಿಂದ ನಾಯಿ ಕಲಿಯುವುದು ಒಂದೇ: ಮನುಷ್ಯರೆದುರು ಮೂತ್ರ ಮಾಡಬಾರದು. ಆಮೇಲೆ ಅದು ಹಿತ್ತಿಲಲ್ಲಿ ನಿಮ್ಮೆದುರು ಕೂರದು, ಅಕ್ಕಿಯ ಡಬ್ಬದ ಹಿಂದೆ ಹೋಗುವುದು. ಮೊದಲಿನ ಮನೆಯಲ್ಲಿ ಚುಕ್ಕಿಗೆ ಇದೇ ಪಾಠವಾಗಿದ್ದಿತೋ ಏನೋ. ಹೊಸ ಜಾಗದ ಭಯವೂ ಸಣ್ಣದಲ್ಲ. ಪ್ರಾಣಿಕೇಂದ್ರದ ನಾಯಿಗಳನ್ನು ಕುರಿತು 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊದಲ ಮೂರು ದಿನ ಅವುಗಳ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಬಹಳವಾಗಿ ಏರಿದ್ದುದು ಕಂಡುಬಂದಿತು.

ಆದುದರಿಂದ ನಾವು ಹಿಡಿದುದು ಬೇರೆ ದಾರಿ. ಚುಕ್ಕಿಯ ಚಾಪೆಯನ್ನು ನನ್ನ ಮಂಚದ ಪಕ್ಕಕ್ಕೆ ತಂದೆ. ತಪ್ಪು ನಡೆಯುವ ವೇಳೆಗೆ ಅರ್ಧ ಗಂಟೆ ಮೊದಲು, 1½ ಗಂಟೆಗೆ, ಗಡಿಯಾರದ ಕರೆಗೆ ನಾನೇ ಎದ್ದು, ಅದು ಕುಂಯ್‌ಗುಡುವುದನ್ನು ಕಾಯದೆ, ಹಗ್ಗ ಕಟ್ಟಿ ಚಪ್ಪಡಿಗೆ ಕರೆದೊಯ್ಯುತ್ತಿದ್ದೆ. ಆಟವಿಲ್ಲ, ಮಾತಿಲ್ಲ. ಮುಗಿದ ಕ್ಷಣದಲ್ಲೇ, ಒಳಗೆ ಬಂದ ಮೇಲಲ್ಲ, ಚಪಾತಿಯ ಒಂದು ಚೂರು. ಬಹುಮಾನವು ಒಂದೆರಡು ಸೆಕೆಂಡುಗಳೊಳಗೆ ಬಂದರೆ ಮಾತ್ರ ನಾಯಿ ಅದನ್ನು ತನ್ನ ಕೆಲಸದೊಡನೆ ಜೋಡಿಸಿಕೊಳ್ಳುತ್ತದೆ. ಮೂರು ರಾತ್ರಿ ನೆಲ ಒಣಗಿದ್ದರೆ ಗಡಿಯಾರವನ್ನು ಅರ್ಧ ಗಂಟೆ ಮುಂದೂಡುವುದು. ತಪ್ಪಿದರೆ ಅರ್ಧ ಗಂಟೆ ಹಿಂದಕ್ಕೆ. ಎರಡು ಸಲ ಹಿಂದಕ್ಕೆ ಹೋಗಬೇಕಾಯಿತು. ಒಮ್ಮೆ ಗುಡುಗಿನ ರಾತ್ರಿ, ಮತ್ತೊಮ್ಮೆ ನೆಂಟರ ಮಗುವೊಂದು ಹಪ್ಪಳ ತಿನ್ನಿಸಿದ ದಿನ. ತರಗತಿಯಲ್ಲಿ ನಾನು ಆಕಳಿಸುತ್ತಿದ್ದುದಕ್ಕೆ ವಿದ್ಯಾರ್ಥಿಗಳು ಏನು ಕಾರಣ ಕಲ್ಪಿಸಿಕೊಂಡರೋ ತಿಳಿಯದು.

ಹಬ್ಬದ ವಾರಕ್ಕೆ ಗಡಿಯಾರ 5 ಗಂಟೆಯನ್ನು ಮುಟ್ಟಿತ್ತು. ಹಬ್ಬದ ಹಿಂದಿನ ರಾತ್ರಿ ಜೋರು ಮಳೆ. ಸುಮಾರು 4 ಗಂಟೆಗೆ ಹಿತ್ತಿಲ ಬಾಗಿಲ ಬಳಿ ಮೆಲ್ಲಗೆ ಕೆರೆಯುವ ಸದ್ದು, ಕುಂಯ್ ಎಂಬ ದನಿ. ಚುಕ್ಕಿ ತಾನಾಗಿ ಕೇಳಿದುದು ಅದೇ ಮೊದಲು. ನಾನು ಎದ್ದು ಕನ್ನಡಕವನ್ನು ತಡವುವಷ್ಟರಲ್ಲಿ ಅಗುಳಿ ತೆಗೆದ ಶಬ್ದವಾಯಿತು. ತಾಯಿಯವರು ಕೊಡೆ ಹಿಡಿದುಕೊಂಡು ಅದರ ಹಿಂದೆಯೇ ಹಿತ್ತಿಲಿಗೆ ಇಳಿದಿದ್ದರು.