ನಾಲೆ ಏರಿ ಮೇಲೆ ಬಸ್ಸು, ನಾಲ್ಕು ಕಚೇರಿಯಲ್ಲಿ ಫೈಲು

ಮಂಡ್ಯ: ಶನಿವಾರ ಮಧ್ಯಾಹ್ನದ ಬಸ್ಸು ಅಂದರೆ ನಮ್ಮ ಹಳ್ಳಿಗಳಲ್ಲಿ ಒಂದು ಜಾತ್ರೆಯೇ ಸರಿ. ಬೆಳಗ್ಗಿನ ಸ್ಕೂಲು ಬಿಟ್ಟ ಮಕ್ಕಳು, ಆಸ್ಪತ್ರೆಗೆ ಹೋಗಿ ಬಂದ ಮುದುಕರು, ಗೊಬ್ಬರದ ಚೀಲ ಹೊತ್ತ ರೈತರು, ಮಗು ಕಂಕುಳಲ್ಲಿಟ್ಟುಕೊಂಡ ಹೆಂಗಸರು ಎಲ್ಲರಿಗೂ ಇರುವುದು ಅದೇ ಒಂದು ಬಸ್ಸು. ಅದು ಹೋದರೆ ಮತ್ತೆ ಬಸ್ಸು ಯಾವಾಗ ಎಂದು ದೇವರೇ ಹೇಳಬೇಕು.

ಕಳೆದ ಶನಿವಾರ ಈ ವರದಿಗಾರನೂ ಅಂಥದೊಂದು ಬಸ್ಸು ಹತ್ತಿದ. ಬಸ್ಸಿನ ಹೆಸರು, ಮಾರ್ಗದ ಹೆಸರು ಬೇಡ. ಒಂದನ್ನು ಹೆಸರಿಸಿದರೆ ಮಿಕ್ಕವರೆಲ್ಲ ಸಾಚಾ ಅಂತಾಗಿಬಿಡುತ್ತದೆ! ಒಳಗೆ ಬರೆದಿದ್ದ ಸೀಟು 48. ಎಣಿಸುತ್ತಾ ಹೋದರೆ ತಲೆ 80 ದಾಟಿತು, ಮುಂದೆ ಎಣಿಸಲು ಕತ್ತು ತಿರುಗಲಿಲ್ಲ. ಫುಟ್‌ಬೋರ್ಡಿನ ಮೇಲೆ ಯೂನಿಫಾರಂ ಹುಡುಗರು ಆರು ಜನ. ಎಡಕ್ಕೆ ನಾಲೆ, ಬಲಕ್ಕೆ ಗದ್ದೆ, ನಡುವೆ ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರ್.

'ಇಷ್ಟೊಂದು ಜನ ತುಂಬಬಹುದೇನ್ರೀ?' ಎಂದು ಕಂಡಕ್ಟರನ್ನು ಕೇಳಿದ್ದಾಯಿತು.

'ಇಳಿಸ್ಬಿಡ್ಲಾ ಸಾರ್? ಯಾರನ್ನ ಇಳಿಸ್ಲಿ, ನೀವೇ ಹೇಳಿ' ಅಂದ.

ಪಕ್ಕದಲ್ಲಿ ನಿಂತಿದ್ದ ಅಜ್ಜಿ ಈ ವರದಿಗಾರನ ತೋಳು ಹಿಡಿದು, 'ಸುಮ್ಕಿರಪ್ಪ ನೀನು. ಈ ಬಸ್ಸೂ ನಿಂತೋದ್ರೆ ನಡ್ಕೊಂಡೇ ಹೋಗಬೇಕಾಯ್ತದೆ' ಅಂದರು.

ಕಂಡಕ್ಟರನ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಅದನ್ನು ಹುಡುಕಿಕೊಂಡು ಕಚೇರಿ ಮೆಟ್ಟಿಲು ಹತ್ತಿ, ಕಾಯಿದೆ ಪುಸ್ತಕ ತಿರುವಿದ ಮೇಲೆ ಬರೆದದ್ದೇ ಈ ಲೇಖನ.

ಮರೆಯಲಾಗದ ಶನಿವಾರ

ಜಿಲ್ಲೆಯ ಜನಕ್ಕೆ ದಿನಾಂಕ ನೆನಪಿಸಬೇಕಾಗಿಲ್ಲ. 2018ರ ನವೆಂಬರ್ 24, ಅಂದೂ ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಮಂಡ್ಯದ ಕಡೆ ಬರುತ್ತಿದ್ದ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿತ್ತು. 30 ಜನ ನೀರುಪಾಲಾದರು. ಸತ್ತವರಲ್ಲಿ ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಗದ್ದೆಯಲ್ಲಿದ್ದವರು ಓಡಿಬಂದು ನೀರಿಗೆ ಧುಮುಕಿದರು, ಕೈಗೆ ಸಿಕ್ಕವರನ್ನು ಎಳೆದರು. ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರು ಬಂದರು, ಸತ್ತವರ ಕುಟುಂಬಕ್ಕೆ ತಲಾ 5 ಲಕ್ಷ ರೂ. ಪರಿಹಾರ ಘೋಷಿಸಿದರು.

ಅದೇ ರಾತ್ರಿ ಬೆಂಗಳೂರಿನಲ್ಲಿ ಅಂಬರೀಷ್ ತೀರಿಕೊಂಡರು. ಮಾರನೆಯ ದಿನ ಅವರ ಪಾರ್ಥಿವ ಶರೀರ ಮಂಡ್ಯದ ಸ್ಟೇಡಿಯಮ್ಮಿಗೆ ಬಂತು, ಇಡೀ ಜಿಲ್ಲೆ ಅಲ್ಲಿಗೆ ಹರಿಯಿತು. ಆ ದುಃಖದಲ್ಲಿ ಈ ದುಃಖ ಒಂದು ಹೆಜ್ಜೆ ಹಿಂದೆ ನಿಂತಿತು. ಯಾರನ್ನೂ ಆಡಿಕೊಂಡು ಹೇಳುವ ಮಾತಲ್ಲ ಇದು, ಆದದ್ದು ಹಾಗೆ.

ನಾಲೆ ಮಾತ್ರ ಅಲ್ಲಿಗೇ ಬಿಡಲಿಲ್ಲ. 2023ರ ಜುಲೈನಲ್ಲಿ ಇದೇ ನಾಲೆಗೆ ಕಾರು ಬಿದ್ದು ನಾಲ್ವರು ಮಹಿಳೆಯರು ಸತ್ತರು. ಅದೇ ವರ್ಷ ನವೆಂಬರಿನಲ್ಲಿ ಬನಘಟ್ಟದ ಬಳಿ ಮತ್ತೊಂದು ಕಾರು ಬಿದ್ದು ಐವರು ಹೋದರು. 2025ರ ಫೆಬ್ರವರಿಯಲ್ಲಿ ಇನ್ನೊಂದು ಕಾರು, ಇನ್ನು ಮೂವರು. ಪ್ರತಿ ಸಲವೂ ತಡೆಗೋಡೆಯ ಮಾತು ಎದ್ದಿತು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಹಿರಿಯರು ಸುಮ್ಮನೆ ಅಂದಿದ್ದಲ್ಲ. ನಮ್ಮಲ್ಲಿ ಕೊಳ್ಳೆ ಹೊಡೆದ ಜಾಗದಲ್ಲಿ ಬಾಗಿಲು ಹಾಕುತ್ತಾರೆ, ಮುಂದಿನ ಕೊಳ್ಳೆ ಮಗ್ಗುಲಲ್ಲೇ ಆಗುತ್ತದೆ.

ಯಾರ ನಾಲೆ? ಯಾರ ರಸ್ತೆ?

ಕನ್ನಂಬಾಡಿ ಕಟ್ಟೆಯಿಂದ ಹೊರಟ ಈ ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ. ಮಂಡ್ಯದ ಅನ್ನ, ಬೆಲ್ಲ, ಸಕ್ಕರೆ ಎಲ್ಲ ಇದರ ನೀರೇ. ಹಳೆ ಕಾಲದಲ್ಲಿ ಏರಿ ಮೇಲೆ ಓಡಾಡುತ್ತಿದ್ದುದು ಎತ್ತಿನಗಾಡಿ, ಸೈಕಲ್ಲು, ನೀರುಗಂಟಿ. ಆಮೇಲೆ ಅದಕ್ಕೆ ಜಲ್ಲಿ ಬಿತ್ತು, ಡಾಂಬರು ಬಿತ್ತು, ಬಸ್ಸೂ ಬಂತು. ಗಾಡಿ ದೊಡ್ಡದಾಯಿತು, ಏರಿಯ ಅಗಲ ಮಾತ್ರ ಎಷ್ಟಿತ್ತೋ ಅಷ್ಟೇ.

ಈಗ ಲೆಕ್ಕ ನೋಡಿ. ನಾಲೆ ಕಾವೇರಿ ನೀರಾವರಿ ನಿಗಮದ್ದು. ಅದರ ಮಗ್ಗುಲ ರಸ್ತೆ ಒಂದು ಕಡೆ ಲೋಕೋಪಯೋಗಿ ಇಲಾಖೆಯದು, ಇನ್ನೊಂದು ಕಡೆ ಪಂಚಾಯತ್ ರಾಜ್ ಇಂಜಿನಿಯರುಗಳದು. ಬಸ್ಸಿಗೆ ಎಫ್.ಸಿ. ಕೊಡುವುದು ಆರ್.ಟಿ.ಓ. ಕಚೇರಿಯ ಬ್ರೇಕ್ ಇನ್‌ಸ್ಪೆಕ್ಟರು. ರಸ್ತೆ ಮೇಲೆ ಕೈ ಅಡ್ಡ ಹಿಡಿಯುವುದು ಪೊಲೀಸರು. ನಾಲ್ಕು ಕಚೇರಿ, ನಾಲ್ಕು ಫೈಲು.

ಎಫ್.ಸಿ. ವಿಷಯವನ್ನೇ ತೆಗೆದುಕೊಳ್ಳಿ. ಎಂಟು ವರ್ಷ ದಾಟಿದ ಬಸ್ಸಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹೊಸದಕ್ಕೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ. ಆ ದಿನ ಬಸ್ಸು ಮದುವಣಗಿತ್ತಿಯ ಹಾಗೆ ಬರುತ್ತದೆ. ಬಣ್ಣ ಹೊಸದು, ಟಯರು ಹೊಸದು, ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಹತ್ತಿ ಕೂಡ ಹೊಸದು. ಇನ್ನುಳಿದ 364 ದಿನ ಬಸ್ಸು ಹೇಗಿರುತ್ತದೆಂಬುದು ಕ್ಲೀನರಿಗೆ ಗೊತ್ತು, ಡ್ರೈವರಿಗೆ ಗೊತ್ತು, ಫುಟ್‌ಬೋರ್ಡಿನ ಹುಡುಗನಿಗೂ ಗೊತ್ತು. ಗೊತ್ತಾಗದೆ ಉಳಿಯುವುದು ಕಚೇರಿಗೆ ಮಾತ್ರ.

ಡ್ರೈವರಿಗೂ ಕಾಯಿದೆ ಉಂಟು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಹೇಳಿತ್ತು. ಐದು ಗಂಟೆ ದುಡಿದರೆ ಅರ್ಧ ಗಂಟೆ ವಿಶ್ರಾಂತಿ ಎಂದೂ ಅದರಲ್ಲಿತ್ತು. ಕಲೆಕ್ಷನ್ ಮೇಲೆ ಸಂಬಳ ನಿಂತಿರುವ ಡ್ರೈವರ ಮುಂದೆ ಇದನ್ನು ಹೇಳಿ ನೋಡಿ, ನಕ್ಕು ಗೇರು ಹಾಕುತ್ತಾನೆ.

ಸಮಿತಿ ಇದೆ, ಸ್ವಾಮಿ!

ಹಾಗಾದರೆ ನಾಲ್ವರನ್ನೂ ಒಂದೇ ಮೇಜಿನ ಮುಂದೆ ಕೂರಿಸುವವರು ಯಾರೂ ಇಲ್ಲವೆ? ಇದ್ದಾರೆ. ಸುಪ್ರೀಂ ಕೋರ್ಟು 2017ರ ನವೆಂಬರ್ 30ರಂದು ಕೊಟ್ಟ ಆದೇಶದಲ್ಲಿ, ಪ್ರತಿ ಜಿಲ್ಲೆಯಲ್ಲೂ 2018ರ ಜನವರಿ 31ರೊಳಗೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇರಲೇಬೇಕೆಂದು ಹೇಳಿತು. ಪೊಲೀಸ್, ಸಾರಿಗೆ, ಲೋಕೋಪಯೋಗಿ, ಆರೋಗ್ಯ ಎಲ್ಲ ಇಲಾಖೆಯವರೂ ಅದರಲ್ಲಿ ಕೂರಬೇಕು. ಗಡುವು ಮುಗಿದು ಹತ್ತು ತಿಂಗಳು ತುಂಬುವ ಮುಂಚೆ ಕನಗನಮರಡಿಯಲ್ಲಿ ಬಸ್ಸು ಬಿತ್ತು.

ಪರ್ಮಿಟ್ ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೂ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ. ಅಂದರೆ ಯಾವ ರಸ್ತೆ ಅಪಾಯವೆಂದು ಹೇಳುವ ಕುರ್ಚಿ, ಆ ರಸ್ತೆಯಲ್ಲಿ ಬಸ್ಸು ಓಡಿಸಲು ಅಪ್ಪಣೆ ಕೊಡುವ ಕುರ್ಚಿ ಎರಡೂ ಒಂದೇ! ಬೆಳಗ್ಗೆಯ ಸಭೆಯಲ್ಲಿ ಏಳುವ ಪ್ರಶ್ನೆಯನ್ನು ಮಧ್ಯಾಹ್ನದ ಸಭೆಯಲ್ಲಿ ಕೇಳಲು ಅಡ್ಡಿಯೇನು?

ಇನ್ನೊಂದು ಸಂಗತಿ. ಅಪಾಯದ ಜಾಗವನ್ನು 'ಬ್ಲ್ಯಾಕ್ ಸ್ಪಾಟ್' ಎನ್ನುತ್ತಾರೆ. ರಾಷ್ಟ್ರೀಯ ಹೆದ್ದಾರಿಗೆ ಕೇಂದ್ರ ಇಟ್ಟ ಅಳತೆ ಹೀಗಿದೆ: ಸುಮಾರು 500 ಮೀಟರ್ ಉದ್ದದೊಳಗೆ ಮೂರು ವರ್ಷದಲ್ಲಿ ಸಾವು ಇಲ್ಲವೆ ತೀವ್ರ ಗಾಯದ ಐದು ಅಪಘಾತ, ಅಥವಾ ಹತ್ತು ಸಾವು. ಈ ಅಳತೆಗೋಲು ಹಿಡಿದು ನಾಲೆ ಏರಿಗೆ ಬನ್ನಿ. ಇಲ್ಲಿ ಒಂದು ಕಾರು ಈ ಊರ ಬಳಿ ಬೀಳುತ್ತದೆ, ಮುಂದಿನದು ಮೈಲಿಗಟ್ಟಲೆ ಆಚೆ ಬೀಳುತ್ತದೆ. 500 ಮೀಟರ್ ಲೆಕ್ಕಕ್ಕೆ ಯಾವ ಜಾಗವೂ ಸಿಗುವುದಿಲ್ಲ. ನಾಲೆ ಉದ್ದಕ್ಕೂ ಸಾವಿದೆ, ಪಟ್ಟಿಯಲ್ಲಿ ಮಾತ್ರ ಇಲ್ಲ. ಹೆದ್ದಾರಿಯ ಅಳತೆಯಿಂದ ಹಳ್ಳಿ ರಸ್ತೆ ಅಳೆದರೆ ಆಗುವುದೇ ಹೀಗೆ.

ಇಳಿಸಿದ ಮೇಲೆ ಯಾರು ಹತ್ತಿಸಿಕೊಳ್ಳುತ್ತಾರೆ?

ಈಗ ಕಂಡಕ್ಟರನ ಪ್ರಶ್ನೆಗೆ ಬರೋಣ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಯಿತು. 194ಎ ಎಂಬ ಹೊಸ ಕಲಮು ಬಂತು. ಪರ್ಮಿಟ್ಟಿಗಿಂತ ಹೆಚ್ಚು ಜನ ತುಂಬಿದರೆ ಹೆಚ್ಚುವರಿ ತಲೆಯೊಂದಕ್ಕೆ 200 ರೂ. ದಂಡ. ಅಷ್ಟೇ ಅಲ್ಲ, ಹೆಚ್ಚುವರಿ ಜನರನ್ನು ಇಳಿಸಿ ಅವರಿಗೆ ಬೇರೆ ವಾಹನದ ವ್ಯವಸ್ಥೆ ಆಗುವ ತನಕ ಬಸ್ಸು ಕದಲಬಾರದು.

'ಬೇರೆ ವಾಹನದ ವ್ಯವಸ್ಥೆ'! ಕಾಯಿದೆ ಪುಸ್ತಕದಲ್ಲಿ ಓದಲು ಚೆನ್ನಾಗಿದೆ. ಈ ವರದಿಗಾರ ಹತ್ತಿದ ಬಸ್ಸನ್ನು ಬ್ರೇಕ್ ಇನ್‌ಸ್ಪೆಕ್ಟರು ಅಂದು ನಾಲೆ ಏರಿ ಮೇಲೆ ತಡೆದಿದ್ದರೆ, ಮೂವತ್ತಕ್ಕೂ ಹೆಚ್ಚು ಜನ ಬಿಸಿಲಲ್ಲಿ ನಿಲ್ಲಬೇಕಿತ್ತು. ಬೇರೆ ಬಸ್ಸು ಎಲ್ಲಿಂದ ಬರಬೇಕು? ಇದು ಇನ್‌ಸ್ಪೆಕ್ಟರಿಗೂ ಗೊತ್ತು. ಅದಕ್ಕೇ ಅವರು ತಡೆಯುವುದಿಲ್ಲ. ತಡೆಯದಿರುವುದಕ್ಕೆ ಬೇರೆ ಕಾರಣಗಳೂ ಇರಬಹುದು, ಅದನ್ನು ಓದುಗರೇ ಊಹಿಸಿಕೊಳ್ಳಲಿ. ಆದರೆ ಪ್ರಾಮಾಣಿಕ ಇನ್‌ಸ್ಪೆಕ್ಟರೊಬ್ಬರು ತಡೆಯಲು ಹೊರಟರೂ, ಮೊದಲು ಬೈಯುವವರು ನಾವೇ.

ಇಲ್ಲಿದೆ ಗಂಟು. ಬಸ್ಸು ಕೊಡದ ಸರ್ಕಾರ ಬಸ್ಸು ತಡೆಯಲಾರದು. ಒಂದು ಕೈಯಲ್ಲಿ ದಂಡದ ರಸೀತಿ ಪುಸ್ತಕ ಹಿಡಿದರೆ, ಇನ್ನೊಂದು ಕೈಯಲ್ಲಿ ಇನ್ನೊಂದು ಬಸ್ಸಿನ ಬೀಗದ ಕೈ ಇರಬೇಕು.

ಸರ್ಕಾರಿ ಬಸ್ಸಿನ ಕಥೆ ಹೊಸದೇನಲ್ಲ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. ಲಾಭವಿರಲಿ ಬಿಡಲಿ, ಜನ ಇರುವ ಕಡೆ ಬಸ್ಸು ಹೋಗಬೇಕೆಂಬುದೇ ಅದರ ಮೂಲಮಂತ್ರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ. ಒಳ್ಳೆಯದೇ. ಆದರೆ ಸರ್ಕಾರಿ ಬಸ್ಸೇ ಬಾರದ ಊರಿನ ಅಜ್ಜಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಆಕೆ ಖಾಸಗಿ ಬಸ್ಸಿಗೆ ದುಡ್ಡೂ ಕೊಟ್ಟು, ಜೀವವನ್ನೂ ಕೈಯಲ್ಲಿ ಹಿಡಿದು ಬರುತ್ತಾರೆ.

ಮನಸ್ಸಿದ್ದರೆ ಮಾರ್ಗ

ಸರ್ಕಾರಕ್ಕೆ ಕಣ್ಣೇ ಇಲ್ಲ ಅನ್ನುವ ಹಾಗಿಲ್ಲ. ನಮ್ಮ ಜಿಲ್ಲೆಯ ಮಧ್ಯೆಯೇ ಹಾದುಹೋಗುವ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ನೋಡಿ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು. ಸಾವಿನ ಮೇಲೆ ಸಾವು ಬಂದಾಗ ವೇಗಕ್ಕೆ 100 ಕಿಲೋಮೀಟರ್ ಮಿತಿ ಹಾಕಿದರು, ರಾಡಾರ್ ಗನ್ ಹಿಡಿದು ನಿಂತರು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಲ್ಲಿಸಿದರು. 2024ರಲ್ಲಿ ಕ್ಯಾಮರಾ ಬಂತು, ದಂಡದ ಚೀಟಿ ಮೊಬೈಲಿಗೇ ಬರತೊಡಗಿತು. ಅಂದರೆ ಮನಸ್ಸು ಮಾಡಿದರೆ ಕೆಲಸ ಆಗುತ್ತದೆ.

ಆ ಹೆದ್ದಾರಿಯಿಂದ ಹೊರಬಿದ್ದ ಬೈಕು, ಟ್ರ್ಯಾಕ್ಟರುಗಳಿಗೆ ಸರ್ವಿಸ್ ರಸ್ತೆಯಾದರೂ ಉಂಟು. ನಾಲೆ ಏರಿಗೆ ಅಂಥ ಬದಲಿ ಇಲ್ಲ, ಕ್ಯಾಮರಾ ಮೊದಲೇ ಇಲ್ಲ. ದೊಡ್ಡ ಕಾರಿನವರ ರಸ್ತೆಗೆ ಸಿಕ್ಕ ಕಣ್ಣು ಗೊಬ್ಬರದ ಚೀಲ ಹೊತ್ತವನ ರಸ್ತೆಗೆ ಯಾಕೆ ಸಿಗಬಾರದು? ದೇಶದಲ್ಲಿ 2022ನೇ ಒಂದೇ ವರ್ಷ ರಸ್ತೆ ಮೇಲೆ ಸತ್ತವರು 1,68,491 ಜನ ಎಂದು ಕೇಂದ್ರವೇ ಲೆಕ್ಕ ಕೊಟ್ಟಿದೆ. ಅವರೆಲ್ಲ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲೇ ಸತ್ತವರಲ್ಲ.

ಆಗಬೇಕಾದ್ದು ಇಷ್ಟು

ಒಂದು: ನಾಲೆ ಏರಿ ಮೇಲೆ ಬಸ್ಸು ಓಡುವ ಪ್ರತಿ ಮಾರ್ಗವನ್ನೂ ನಾಲ್ಕು ಇಲಾಖೆಯವರು ಒಂದೇ ಜೀಪಿನಲ್ಲಿ ಕೂತು ನೋಡಲಿ. ತಡೆಗೋಡೆ ಎಲ್ಲೆಲ್ಲಿ ಬೇಕೆಂದು ಪಟ್ಟಿ ಮಾಡಲಿ. ಸಾವಿನ ಲೆಕ್ಕ 500 ಮೀಟರಿಗೆ ಬೇಡ, ಇಡೀ ನಾಲೆಗೆ ಒಂದೇ ಲೆಕ್ಕ ಇಡಲಿ.

ಎರಡು: ಶನಿವಾರ ಮಧ್ಯಾಹ್ನ, ಪ್ರತಿದಿನ ಬೆಳಗ್ಗೆ ಸ್ಕೂಲಿನ ಹೊತ್ತು, ಈ ಎರಡು ವೇಳೆಗೆ ಒಂದೊಂದು ಸರ್ಕಾರಿ ಟ್ರಿಪ್ ಕೊಡಲಿ. ಆಮೇಲೆ ತುಂಬಿದ ಬಸ್ಸನ್ನು ತಡೆಯಲಿ. ಆಗ ಜನರೇ ಇನ್‌ಸ್ಪೆಕ್ಟರ ಪರ ನಿಲ್ಲುತ್ತಾರೆ.

ಮೂರು: ರಸ್ತೆ ಸುರಕ್ಷತಾ ಸಮಿತಿಯ ನಡಾವಳಿಯನ್ನು ಬಸ್ ನಿಲ್ದಾಣದ ಬೋರ್ಡಿಗೆ ಅಂಟಿಸಲಿ. ಯಾವ ಬಸ್ಸಿಗೆ ಎಷ್ಟು ಸೀಟು, ಎಷ್ಟು ಹೊತ್ತಿಗೆ ಟ್ರಿಪ್, ಎಫ್.ಸಿ. ಯಾವತ್ತಿನ ತನಕ ಎಂಬುದೂ ಅಲ್ಲೇ ಇರಲಿ. ಅಂಟಿಸದಿದ್ದರೆ ಓದುಗರು ಸುಮ್ಮನಿರಬೇಕಾಗಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂ., ಉತ್ತರಕ್ಕೆ 30 ದಿನದ ಗಡುವು. ಊರಿಗೊಬ್ಬರು ಬರೆದರೆ ಸಾಕು.

ಅಂದು ಬಸ್ಸು ಇಳಿಯುವಾಗ ಫುಟ್‌ಬೋರ್ಡಿನ ಹುಡುಗನೊಬ್ಬನನ್ನು 'ಭಯ ಆಗಲ್ವೇನೋ?' ಎಂದು ಕೇಳಿದ್ದಾಯಿತು. 'ಒಳಗಿದ್ರೆ ಭಯ ಅಣ್ಣ. ಇಲ್ಲಿದ್ರೆ ನೆಗೀಬೌದು' ಅಂದ.

ಈಜು ಬರುತ್ತದೆಯೋ ಇಲ್ಲವೋ, ನೆಗೆಯುವ ಲೆಕ್ಕಾಚಾರ ಹಾಕಿಕೊಂಡೇ ಮಕ್ಕಳು ಸ್ಕೂಲಿಗೆ ಹೋಗಿ ಬರುತ್ತಿದ್ದಾರೆ. ಮುಂದಿನ ಶನಿವಾರ ಬರುವುದರೊಳಗೆ ಸಂಬಂಧಪಟ್ಟವರು ಒಮ್ಮೆ ಆ ಫುಟ್‌ಬೋರ್ಡಿನ ಮೇಲೆ ನಿಂತು ನೋಡುವರೆ?