ಮರದ ಹುಟ್ಟಿಗೆ ಯಾವ ಎಣ್ಣೆ?

ಯಳಂದೂರಿನಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಕಯಾಕ್ ನಡೆಸುವ ಮರದ ಹುಟ್ಟು. ಅದಕ್ಕೆ ನೀರು ಇಳಿಯದ ಹಾಗೆ ಏನು ಹಚ್ಚಬೇಕು ಅನ್ನೋದು.

ಹೊಗೇನಕಲ್ ಕಡೆ ತೆಪ್ಪದಲ್ಲಿ ಕೂತವರು ಗಮನಿಸಿರಬಹುದು. ಹಿಂದೆ ತೆಪ್ಪದ ತಳಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಹುಟ್ಟಿಗೆ ಏನಾದರೂ ಬಳಿದದ್ದನ್ನು ನಾನು ನೋಡಿದ್ದು ಕಮ್ಮಿ. ಅದು ದಪ್ಪ ಮರ, ಸವೆದರೆ ಇನ್ನೊಂದು. ಕಯಾಕಿನ ಹುಟ್ಟು ಹಂಗಲ್ಲ. ಅಲಗು ತೆಳು, ಎಷ್ಟೋ ಸಲ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು. ನೀರು ಕುಡಿದು ಊದೋದು, ಒಣಗಿ ಕುಗ್ಗೋದು, ಹೀಗೇ ನಡೀತಾ ಇದ್ದರೆ ಬಿರುಕು ಬಿಡುತ್ತೆ. ನಡುಹೊಳೆಯಲ್ಲಿ ಮುರಿದರೆ ಗತಿಯೇನು?

ನಾನು ಮೊದಲು ಹಚ್ಚಿದ್ದು ಹೊಂಗೆ ಎಣ್ಣೆ. ಮನೇಲಿತ್ತು, ಹಚ್ಚಿಬಿಟ್ಟೆ. ಎರಡು ವಾರ ಕಳೆದರೂ ಅಂಟಂಟು, ಧೂಳು ಕೂತು ಕರ್ರಗಾಯ್ತು. ಒದ್ದೆಯಾದಾಗ ಕೈಯಿಂದ ಜಾರಿ ಹೊಳೆ ಪಾಲಾಗೋದರಲ್ಲಿತ್ತು.

ತಪ್ಪು ಎಣ್ಣೆಯದ್ದಲ್ಲ, ನನ್ನದು. ಹೊಂಗೆ, ಹರಳು, ಕೊಬ್ಬರಿ ಎಣ್ಣೆಗಳು ಎಷ್ಟು ದಿನ ಬಿಟ್ಟರೂ ಎಣ್ಣೆಯಾಗೇ ಇರುತ್ತವೆ. ಅಗಸೆ ಎಣ್ಣೆ ಬೇರೆ ಜಾತಿ. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಮರದೊಳಗೇ ಗಟ್ಟಿಯಾಗುತ್ತೆ. ಹುಬ್ಬಳ್ಳಿ ಕಡೆಯವರು ರೊಟ್ಟಿ ಜೊತೆ ಚಟ್ನಿಪುಡಿ ತಿಂತಾರಲ್ಲ, ಅದೇ ಅಗಸೆ. ಹಸಿ ಎಣ್ಣೆ ಒಣಗೋಕೆ ದಿನಗಟ್ಟಲೆ ಬೇಕು. ಪೇಂಟ್ ಅಂಗಡಿಯಲ್ಲಿ 'ಡಬಲ್ ಬಾಯ್ಲ್ಡ್ ಲಿನ್‌ಸೀಡ್' ಅಂತ ಕೇಳಿ, ಬೇಗ ಒಣಗುತ್ತೆ. ಅದನ್ನು ಬಾಯಿಗೆ ಮಾತ್ರ ಹಾಕಬೇಡಿ. ಕರಾವಳಿಯಲ್ಲಿ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯೋದುಂಟು. ಅದರ ಹಸಿ ಎಣ್ಣೆ ಚರ್ಮ ಸುಡುತ್ತೆ, ಕೈಲಿ ಹಿಡಿಯೋ ಹುಟ್ಟಿಗೆ ಬೇಡ.

ಹಚ್ಚುವ ಮುಂಚೆ ಮರವನ್ನು ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ನಾರು ಎದ್ದು ನಿಲ್ಲುತ್ತೆ. ಪೂರ್ತಿ ಒಣಗಿದ ಮೇಲೆ 220ನೇ ನಂಬರ್ ಮರಳು ಕಾಗದದಲ್ಲಿ ಉಜ್ಜಿ. ಮೊದಲ ಸಲಕ್ಕೆ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿದರೆ ಆಳಕ್ಕಿಳಿಯುತ್ತೆ. 20 ನಿಮಿಷ ಬಿಟ್ಟು ಮೇಲೆ ಉಳಿದದ್ದನ್ನೆಲ್ಲ ಒರೆಸಿಬಿಡಿ. ಇಲ್ಲೇ ಬಹಳ ಜನ ಎಡವೋದು: ಎಣ್ಣೆ ದಪ್ಪಗಿದ್ದರೆ ಒಳ್ಳೇದು ಅಂದ್ಕೋತಾರೆ, ಅದು ಒಣಗದೆ ಕೆನೆಗಟ್ಟುತ್ತೆ. ಒಂದೆರಡು ದಿನ ಬಿಟ್ಟು ಮತ್ತೊಂದು ಸಲ. ಹೀಗೆ ಮೂರು ನಾಲ್ಕು ಸಲ. ಅಲಗಿನ ತುದಿಗೆ ಇನ್ನೂ ಎರಡು ಸಲ ಹೆಚ್ಚಿಗೆ ಹಚ್ಚಿ. ನಾರು ಕತ್ತರಿಸಿದ ಆ ಬಾಯಿಂದಲೇ ನೀರು ಹೆಚ್ಚು ಒಳಗೆ ಹೋಗೋದು.

ಇಷ್ಟು ಮಾಡಿದರೂ ನೀರು ಪೂರ್ತಿ ನಿಲ್ಲಲ್ಲ, ನಿಧಾನ ಆಗುತ್ತೆ ಅಷ್ಟೇ. ವಾರ್ನಿಷ್ ಹೆಚ್ಚು ತಡೆಯುತ್ತೆ, ಆದರೆ ಬಿರುಕು ಬಿಟ್ಟರೆ ನೀರು ಅದರಡಿ ಸಿಕ್ಕಿಕೊಂಡು ಮರ ಕಪ್ಪಾಗುತ್ತೆ, ಅಂಗೈ ಬೊಬ್ಬೆ ಬೇರೆ. ನಾನು ಹಿಡಿಗೆ ಎಣ್ಣೆಯನ್ನೇ ಇಷ್ಟಪಡ್ತೀನಿ. ನೀರು ಚಿಮುಕಿಸಿ ನೋಡಿ: ಹನಿ ಗುಂಡಗೆ ನಿಂತರೆ ಸರಿ, ಮರ ಕಪ್ಪಾದರೆ ಮತ್ತೆ ಹಚ್ಚುವ ಕಾಲ. ಮಳೆಗಾಲದಲ್ಲಿ ಅಗಸೆ ಎಣ್ಣೆಗೆ ಬೂಷ್ಟು ಬರುತ್ತೆ, ಗಾಳಿಯಾಡುವ ಕಡೆ ನೇತುಹಾಕಿ.

ಕೊನೆಗೆ, ಒರೆಸಿದ ಬಟ್ಟೆ. ಅದನ್ನು ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತೆ, ಮುದ್ದೆಯಲ್ಲಿ ಅದು ಹೊರಹೋಗದೆ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಹೊರಗೆ ಕಲ್ಲಿನ ಮೇಲೆ ಬಿಡಿಸಿ ಹರಡಿ, ಇಲ್ಲಾ ಬಕೆಟ್ ನೀರಲ್ಲಿ ಅದ್ದಿಡಿ.